ಒಂದೇ ನಾಯಿಗೆ ಎರಡು ಗತಿ

ಪ್ರಾಣಿಕಲ್ಯಾಣ ಅನುದಾನ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ನಾಯಿಗಳ ಆಶ್ರಯಧಾಮದ ಇ-ಮೇಲ್ ಪಟ್ಟಿಯಿಂದ ಇಬ್ಬರು ದಾನಿಗಳು ಹೆಸರು ತೆಗೆಸಿಕೊಂಡರೆಂದು ನನಗೆ ನೋಟಿಸು ಕಳಿಸಿದ್ದೀರಿ. ತೃಪ್ತಿಕರ ಉತ್ತರ ಬಾರದಿದ್ದರೆ ಅನುದಾನ ನಿಲ್ಲಿಸುತ್ತೀರಂತೆ. ನಿಂತರೆ ನಾಯಿಗಳು ಬೀದಿಗೆ ಬೀಳುತ್ತವೆ, ಅವುಗಳ ಹಿಂದೆಯೇ ನಾನು. ಅವಕ್ಕಾದರೂ ಬೀದಿಯಲ್ಲಿ ಬದುಕಿ ಅಭ್ಯಾಸವಿದೆ. ಆದ್ದರಿಂದ ಊರೆಲ್ಲ ಓದಲಿ ಎಂದು ಬಹಿರಂಗವಾಗಿಯೇ ಉತ್ತರಿಸುತ್ತಿದ್ದೇನೆ.

ದಾನ ಕೇಳುವ ಇ-ಮೇಲ್ ಬರೆಯುವುದು ನನ್ನ ಕೆಲಸ. ಒಂದು ಕಾಲದಲ್ಲಿ ಕವಿಯಾಗಬೇಕೆಂದಿದ್ದೆ. ಈಗ ನಾಯಿಗಳ ಪರವಾಗಿ ಅಳುತ್ತೇನೆ. ‘ಕಿಟಕಿಯ ಬಳಿ ನಿಮ್ಮನ್ನೇ ಕಾಯುತ್ತಿದ್ದೇನೆ’ ಎಂದು ಯಾವ ನಾಯಿಯ ಬಾಯಲ್ಲಿ ನುಡಿಸಿದೆನೋ, ಅದು ಆ ಹೊತ್ತಿಗೆ ನನ್ನ ಚಪ್ಪಲಿ ಅಗಿಯುತ್ತಿತ್ತು. “ನಿನ್ನ ಮೇಲ್ ಓದಿದ್ರೆ ನಾಯಿಗಲ್ಲ ಕಣೇ, ನಿನಗೇ ಏನಾದ್ರೂ ಕೊಡೋಣ ಅನ್ಸುತ್ತೆ” ಎನ್ನುತ್ತಾಳೆ ನನ್ನ ಅಕ್ಕ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತಾವು ತರಬೇತಿ ಏರ್ಪಡಿಸಿದಿರಿ. ಒಂದೇ ಮನವಿಯನ್ನು ಎರಡು ಬಗೆಯಲ್ಲಿ ಬರೆಯಿರಿ, ಅರ್ಧ ಪಟ್ಟಿಗೆ ಅಳು, ಇನ್ನರ್ಧಕ್ಕೆ ನಗು ಕಳಿಸಿ, ಯಾವುದನ್ನು ಹೆಚ್ಚು ಜನ ತೆರೆಯುತ್ತಾರೋ ಅದನ್ನೇ ಮುಂದುವರಿಸಿ ಎಂದು ಕಡ್ಡಾಯ ಮಾಡಿದಿರಿ. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದಂತಾಯಿತು.

ನಮ್ಮಲ್ಲಿ ‘ತಾತ’ ಎಂಬ ಮುದಿ ನಾಯಿಯಿತ್ತು. ಹಲ್ಲಿಲ್ಲ, ಒಂದು ಕಣ್ಣಿಲ್ಲ, ಯಾರ ಗೊಡವೆಯೂ ಇಲ್ಲ. ಅರ್ಧ ಪಟ್ಟಿಗೆ ‘ತಾತ ಕೊನೆಯುಸಿರು ಎಳೆಯುತ್ತಿದ್ದಾನೆ’ ಎಂದು ಬರೆದೆ. ಇನ್ನರ್ಧಕ್ಕೆ ‘ತಾತ ಮತ್ತೆ ಕುಣಿಯುತ್ತಿದ್ದಾನೆ!’ ಎಂದೆ. ಗಂಡ ಹೆಂಡತಿ ಒಂದೇ ಮನೆಯಲ್ಲಿರುತ್ತಾರೆ, ಕೆಲವೊಮ್ಮೆ ಪರಸ್ಪರ ಮಾತನ್ನೂ ಆಡುತ್ತಾರೆ ಎಂಬುದು ತಮ್ಮ ತರಬೇತಿಯಲ್ಲಿ ಬಂದಿರಲಿಲ್ಲ. ನನ್ನ ತಲೆಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆಯೇ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಹೆಂಡತಿಯೊಡನೆ ಬಂದರು. ಆಕೆಯ ಕಣ್ಣು ಕೆಂಪಾಗಿತ್ತು.

“ಏನಮ್ಮಾ, ತಾತ ಇದ್ದಾನೋ, ಹೋದನೋ?” ಎಂದರು ಮೇಷ್ಟ್ರು. “ಇವಳು ಊಟ ಬಿಟ್ಟು ಅತ್ಲು. ನಾನು ಖುಷಿಗೆ ಎರಡು ತುತ್ತು ಜಾಸ್ತಿ ಉಂಡೆ. ನಮ್ಮಿಬ್ರಲ್ಲಿ ಪೆದ್ದು ಯಾರು, ಹೇಳಿಬಿಡು.”

“ಇಬ್ರೂ ಅಲ್ಲ ಸಾರ್, ನಾನು” ಎಂದೆ. ಅಪರೂಪಕ್ಕೆ ನನ್ನ ಬಾಯಿಂದ ನಿಜ ಬಂದಿತ್ತು.

ತಾತ ಸಾಯುತ್ತಲೂ ಇರಲಿಲ್ಲ, ಕುಣಿಯುತ್ತಲೂ ಇರಲಿಲ್ಲ. ಗೋಣಿಚೀಲದ ಮೇಲೆ ಗೊರಕೆ ಹೊಡೆಯುತ್ತಿದ್ದ. ಆಕೆ ನೆಲದ ಮೇಲೆ ಕೂತು ಕಿವಿ ಸವರಿದರು. ಇದ್ದ ಒಂದು ಕಣ್ಣು ತೆರೆದು ನೋಡಿ, ಅವರ ತೊಡೆಯ ಮೇಲೆ ತಲೆಯಿಟ್ಟು ಮತ್ತೆ ಮಲಗಿದ. ನಾನು ವರ್ಷಗಟ್ಟಲೆ ಬರೆಯಲು ಹೆಣಗಿದ್ದನ್ನು ಆ ಮುದುಕ ಬಾಯಿ ಬಿಡದೆ ಹೇಳಿ ಮುಗಿಸಿದ್ದ. ನನಗೆ ನಾಚಿಕೆಯಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತೆನ್ನಿ.

“ಇವನನ್ನ ನಮ್ಮನೆಗೇ ಕರ್ಕೊಂಡು ಹೋಗ್ತೀವಿ” ಎಂದರು ಆಕೆ. “ಆದ್ರೆ ಇನ್ಮೇಲೆ ನಮಗೆ ಮೇಲ್ ಮಾತ್ರ ಕಳಿಸ್ಬೇಡಮ್ಮ. ತಾತ ಹೇಗಿದ್ದಾನೆ ಅಂತ ನಾವೇ ನೋಡ್ಕೋತೀವಿ.”

ತಾವು ‘ಕಳೆದುಕೊಂಡ ದಾನಿಗಳು’ ಎಂದು ಕೆಂಪು ಗೆರೆ ಎಳೆದಿರುವ ಇಬ್ಬರು ಇವರೇ. ತಮ್ಮ ವರದಿಯಲ್ಲಿ ಇ-ಮೇಲ್ ತೆರೆದವರಿಗೆ ಕಾಲಂ ಇದೆ, ತೆರೆಯದವರಿಗೂ ಇದೆ. ನಾಯಿಗೆ ಮನೆ ಕೊಟ್ಟವರಿಗೆ ಏಕಿಲ್ಲ? ತಮ್ಮ ಕಚೇರಿ, ತರಬೇತಿ, ಕೊನೆಗೆ ನಾನು, ಎಲ್ಲರೂ ಇರುವುದು ಮತ್ತೇತಕ್ಕೆ?

ನೋಟಿಸು ಹಿಂಪಡೆಯಿರಿ. ಅನುದಾನ ಮುಂದುವರಿಸಿ. ಎರಡು ನಾಲಿಗೆಯ ಆ ನಿಯಮವನ್ನು ಕೈಬಿಡಿ. ನಾನಂತೂ ಆಗಲೇ ಬಿಟ್ಟಿದ್ದೇನೆ. ಕಳೆದ ವಾರ ಎಲ್ಲರಿಗೂ ಬರೆದದ್ದು ಇಷ್ಟೇ: ‘ನಾಯಿಗಳು ಚೆನ್ನಾಗಿವೆ. ಭಾನುವಾರ ಬಂದು ನೋಡಿ.’ ತಮ್ಮ ಲೆಕ್ಕದಲ್ಲಿ ಇದು ಹೀನಾಯ ಸೋಲು. ತೆರೆದು ಓದಿದವರು ಬೆರಳೆಣಿಕೆ. ಭಾನುವಾರ ಬಂದವರೂ ಮೂವರೇ. ಅವರಲ್ಲಿ ಇಬ್ಬರು ಮೇಷ್ಟ್ರು ದಂಪತಿ, ತಾತನಿಗೆ ಹಳೆಯ ಗೆಳೆಯರನ್ನು ತೋರಿಸಲು ಬಂದಿದ್ದರು. ಅವರಿಗೆ ನಾನು ಇ-ಮೇಲ್ ಕಳಿಸಿರಲೇ ಇಲ್ಲ.

ಇಂತಿ,
ನಾಯಿಗಳ ಪರವಾಗಿ ಅಳುವುದು ಬಿಟ್ಟು, ತಮ್ಮ ನೋಟಿಸಿನಿಂದಾಗಿ ಈಗ ಸ್ವಂತಕ್ಕೆ ಅಳುತ್ತಿರುವ
ಆಶ್ರಯಧಾಮದ ಇ-ಮೇಲ್ ಬರೆಯುವವಳು