ನನ್ನ ರಕ್ತವನ್ನು ಅಜ್ಜಪ್ಪನಿಗೆ ಹಾಕಲಿಲ್ಲ

ಮಂಡಕ್ಕಿ ಭಟ್ಟಿ, ದಾವಣಗೆರೆ
೮-೮-೨೦೨೪, ಗುರುವಾರ

ಪ್ರೀತಿಯ ಸಾಯಿಮಾ,

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಮಗು ಒದೆಯುತ್ತದೆಯೇ, ಇಲ್ಲ ಆ ಮನೆಯಲ್ಲಿ ಒದೆಯಲಿಕ್ಕೂ ನಿಮ್ಮಬ್ಬಾನ ಅಪ್ಪಣೆ ಬೇಕೇ? ಉಪ್ಪು ಕಡಿಮೆ ಮಾಡು. ಮೆಣಸಿನಕಾಯಿ ಬಜ್ಜಿಗೆ ಜೀವ ಬಿಡುವವಳು ನೀನು, ಇನ್ನು ಸ್ವಲ್ಪ ದಿನ ಆಸೆ ತಡೆದುಕೋ. ಏಳನೇ ತಿಂಗಳಿಗೆ ಬಳೆ ತೊಡಿಸಿ, ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಹರಿಹರಕ್ಕೆ ಕರೆದುಕೊಂಡು ಹೋದರಲ್ಲ, ಅದು ಕರೆದೊಯ್ದದ್ದಲ್ಲ, ಕಿತ್ತೊಯ್ದದ್ದು ಎಂದು ನನಗೆ ಆಮೇಲೆ ಗೊತ್ತಾಯಿತು. ಸಮುದ್ರದಾಚೆ ಇದ್ದಾಗ ದಿನವೂ ಫೋನಿನಲ್ಲಿ ನಿನ್ನ ಮುಖ ನೋಡುತ್ತಿದ್ದೆ. ಈಗ ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿದ್ದೀಯ, ನಿನ್ನ ದನಿಯೂ ಇಲ್ಲ. ಫೋನು ನಿಮ್ಮಬ್ಬಾನ ಪೆಟ್ಟಿಗೆಯಲ್ಲಿ ಬೀಗದೊಳಗಿದೆಯಂತೆ. ಈ ಕಾಗದವನ್ನು ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ನೇತ್ರಾವತಿ ಅಕ್ಕ ತರುತ್ತಾಳೆ. ಮುಂದಿನ ಬಾಗಿಲು ಹಾಕಿದರೆ ಹಿತ್ತಿಲಿಂದ ಬರುವ ಹೆಂಗಸು ಅವಳು.

ಊರು ಕಟ್ಟಿದ ಕಥೆ ನಿನ್ನ ಕಿವಿಗೂ ಬಿದ್ದಿರುತ್ತದೆ. ನಡೆದದ್ದನ್ನು ನಾನು ಬರೆಯುತ್ತೇನೆ, ಓದು. ಕುಕ್ಕುವಾಡದ ಅಜ್ಜಪ್ಪ ನಿನಗೆ ಗೊತ್ತು, ಅಲ್ಲಿ ಕೂಲಿಯವರ ಕೋಣೆಯಲ್ಲಿ ನನ್ನ ಕೆಳಗಿನ ಮಂಚದವನು, ನೀನು ಫೋನ್ ಮಾಡಿದಾಗಲೆಲ್ಲ 'ತಂಗೀ, ಊಟ ಆತಾ' ಎಂದು ನಡುವೆ ಬಾಯಿ ಹಾಕುತ್ತಿದ್ದವನು. ನಾವು ಕಟ್ಟುತ್ತಿದ್ದ ಕಟ್ಟಡದ ಸಾರುವೆಯಿಂದ ಅವನು ಬಿದ್ದ. ಸೊಂಟ ಮುರಿದು ಒಳಗೇ ರಕ್ತ ಹೋಯಿತು. ಆಸ್ಪತ್ರೆಯವರು ರಕ್ತ ಬೇಕೆಂದಾಗ ಕಂಪನಿಯವರು ಒಂದು ಬಸ್ಸು ಕೊಟ್ಟರು, ಅರ್ಧ ದಿನದ ರಜೆ ಕೊಟ್ಟರು. ಬಸ್ಸಿನ ತುಂಬ ನಾವೇ: ನೇಪಾಳದವರು, ಬಿಹಾರದವರು, ಬಂಗಾಳದವರು. ಆ ದೇಶದವರು ಯಾರೂ ಬರಲಿಲ್ಲ. ಪರದೇಶಿ ಬಿದ್ದರೆ ಪರದೇಶಿಯೇ ಎತ್ತಬೇಕು. ಬಾಗಿಲಲ್ಲಿ 'ರಕ್ತಕ್ಕೆ ದೇಶವಿಲ್ಲ' ಎಂದು ಮೂರು ಭಾಷೆಯಲ್ಲಿ ಬರೆದ ಬ್ಯಾನರು, ಅದರ ಕೆಳಗೇ ನಿಂತು ನಮ್ಮ ದೇಶ ಯಾವುದೆಂದು ಕೇಳಿ ಗುರುತಿನ ಚೀಟಿ ನೋಡುವ ಪೊಲೀಸಿನವನು.

ನನ್ನ ರಕ್ತ ತೆಗೆದ ನರ್ಸ್ ಕೇರಳದವಳು. ಎದೆಯ ಬಿಲ್ಲೆಯಲ್ಲಿ ಲಿಜಿಮೋಳ್ ಎಂದಿತ್ತು. ನಮ್ಮಮ್ಮಿ ಬದುಕಿದ್ದರೆ ಅವಳ ತಂಗಿಯ ವಯಸ್ಸಿನವಳು ಅನ್ನಬಹುದು. ಸೂಜಿ ಕಂಡು ಕಣ್ಣು ಮುಚ್ಚಿದ್ದಕ್ಕೆ ನಕ್ಕಳು. ಮದುವೆ ಆಗಿದೆಯಾ ಎಂದು ಕೇಳಿದಳು. ಹೆಂಡತಿ ಬಸುರಿ ಎಂದೆ. ಜ್ಯೂಸಿನ ಇನ್ನೊಂದು ಡಬ್ಬಿ ನನ್ನ ಜೇಬಿಗೆ ತುರುಕಿದಳು, ಬಸುರಿ ನಾನೇ ಎನ್ನುವ ಹಾಗೆ. ಅಂದು ಕೈಗೆ ಹತ್ತಿ ಒತ್ತಿಕೊಂಡು ತೆಗೆಸಿದ ಫೋಟೋವನ್ನೇ ನೀನು ಎಲ್ಲರಿಗೂ ಕಳಿಸಿದ್ದು. ನಿಮ್ಮಬ್ಬಾ ತನ್ನ ಗಾದಿ ಅಂಗಡಿಯಲ್ಲಿ ಬಂದ ಗಿರಾಕಿಗೆಲ್ಲ ತೋರಿಸಿದನಂತೆ, 'ನಮ್ಮ ಅಳಿಯಾ ರೀ, ದುಬೈನಾಗ ರಕ್ತ ಕೊಟ್ಟಾನ' ಎಂದು. ನಾನಿದ್ದದ್ದು ದುಬೈ ಅಲ್ಲ. ಇರಲಿ, ನಮ್ಮೂರಿಗೆ ಆ ಕಡೆಯ ದೇಶಗಳೆಲ್ಲ ದುಬೈಯೇ.

ನನ್ನ ರಕ್ತವನ್ನು ಅಜ್ಜಪ್ಪನಿಗೆ ಹಾಕಲಿಲ್ಲ ಸಾಯಿಮಾ. ಪರೀಕ್ಷೆ ಮಾಡಿ ಚೆಲ್ಲಿಬಿಟ್ಟರು. ಅದನ್ನು ನನಗೆ ಹೇಳಿದವಳೂ ಲಿಜಿಮೋಳೇ. ಹಾಗೆ ಕದ್ದು ಫೋನ್ ಮಾಡಿದ್ದು ಗೊತ್ತಾದರೆ ಅವಳ ಕೆಲಸವೇ ಹೋಗುತ್ತಿತ್ತು. ನಿನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ, ಲಿವರ್ ತಿನ್ನುವ ಕಾಮಾಲೆ ಅದು, ಇದಿರುವ ಪರದೇಶಿ ಕೂಲಿಯನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ, ನಾಳೆ ನಿನ್ನನ್ನು ಹಿಡಿಯಲು ಬರುತ್ತಾರೆ ಎಂದಳು. ನಾನು ಅಳತೊಡಗಿದಾಗ ಗದರಿಸಿದಳು: ಅಳುವುದು ಆಮೇಲೆ, ಮೊದಲು ಕೇಳಿಸಿಕೋ, ಹೆಂಡತಿಗೆ ಪರೀಕ್ಷೆ ಮಾಡಿಸು, ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಹುಟ್ಟಿದ ದಿನವೇ ಮಗುವಿಗೆ ಸೂಜಿ ಬೀಳಬೇಕು, ಆ ದಿನ ತಪ್ಪಿದರೆ ರೋಗ ಮಗುವಿನ ಮೈಯಲ್ಲೇ ಮನೆ ಮಾಡಬಹುದು. ಮರುದಿನ ಇಬ್ಬರು ಬಂದರು. ನನ್ನ ಹತ್ತೂ ಬೆರಳು ಒತ್ತಿಸಿಕೊಂಡರು, ಆ ನೆಲಕ್ಕೆ ಮತ್ತೆ ಕಾಲಿಡದಂತೆ ಹೆಸರನ್ನು ಕಂಪ್ಯೂಟರಿಗೆ ಏರಿಸಿ ವಿಮಾನ ಹತ್ತಿಸಿದರು. ಅವರ ಗೋಡೆಗಳಿಗೆ ಮೆತ್ತಿದ ನನ್ನ ಬೆವರಿನಲ್ಲಿ ರೋಗವಿರಲಿಲ್ಲ. ಇನ್ನೊಬ್ಬ ಕೂಲಿಯ ಜೀವ ಉಳಿಸಲೆಂದು ತೋಳು ಚಾಚಿದಾಗ ಮಾತ್ರ ರೋಗ ಕಂಡಿತು. ಹೋಗುವಾಗಲೇ ಯಾಕೆ ಸಿಕ್ಕಿಬೀಳಲಿಲ್ಲ ಎಂದು ನೀನು ಕೇಳಬಹುದು. ನಮ್ಮ ದಾವಣಗೆರೆಯ ಏಜೆಂಟ್ ನನ್ನ ರಕ್ತ ತೆಗೆಸಿರಲೇ ಇಲ್ಲ. 'ನಿನ್ನ ಮೆಡಿಕಲ್ ಆಗೈತಿ, ನಡಿ' ಎಂದಿದ್ದ. ಯಾವನದೋ ರಕ್ತ ನನ್ನ ಹೆಸರಿನಲ್ಲಿ ಪಾಸಾಗಿತ್ತು. ಏಜೆಂಟನಿಗೂ ಕಂಪನಿಗೂ ಬೇಕಾದದ್ದು ಕೈಕಾಲು, ಅವು ಇದ್ದವು.

ಇಲ್ಲಿಗೆ ಬಂದರೆ ಇಲ್ಲಿಯೂ ನಾನು ಪರದೇಶಿ. ನಮ್ಮ ಅಬ್ಬಾ ನನಗೊಂದು ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದಾನೆ. ಲೋಟಕ್ಕೆ ಕೆಂಪು ದಾರ ಕಟ್ಟಿದ್ದಾನೆ, ಮರೆತು ಯಾರಾದರೂ ಕುಡಿದಾರೆಂದು. ತಟ್ಟೆಯಿಂದ, ಲೋಟದಿಂದ ಇದು ಬರುವುದಿಲ್ಲ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಅವನ ಮುಖಕ್ಕೇ ಹೇಳಿದರು. ಅಬ್ಬಾನ ಹೆಸರು ಹಿಡಿದೇ, ಇಮಾಮ್ ಸಾಬರ ಭಟ್ಟಿಯ ಮಂಡಕ್ಕಿ ಬೇಡವೆಂದು ಕೆ.ಬಿ. ಬಡಾವಣೆಯ ಖಾರ ಮಂಡಕ್ಕಿಯವರು ಹೇಳಿಕಳಿಸಿದ ಮೇಲೆ ಅಬ್ಬಾನಿಗೆ ಡಾಕ್ಟರ ಮಾತು ಎಲ್ಲಿ ಕೇಳಿಸಬೇಕು? ಕಾದ ಮರಳಲ್ಲಿ ಹುರಿದು ಬರುವ ಮಂಡಕ್ಕಿಯಲ್ಲಿ ಯಾವ ರೋಗ ಉಳಿದೀತು ಎಂದು ಕೇಳಿದೆ. 'ನೀನು ಬೆಂಕಿ ಕಡೆ ಇರು, ಮಂಡಕ್ಕಿ ಮುಟ್ಟಬ್ಯಾಡ' ಎಂದ. ಈಗ ನಾನು ಭಟ್ಟಿಯ ಹಿಂದಿನ ಗುಂಡಿಯಲ್ಲಿ ಕೂತು ಒಲೆಗೆ ಹೊಟ್ಟು ಸುರಿಯುತ್ತೇನೆ. ಬೆಂಕಿಗೆ ಮಾತ್ರ ನನ್ನ ಕೈಯ ಬಗ್ಗೆ ತಕರಾರಿಲ್ಲ.

ಮೊನ್ನೆ ಅಜ್ಜಪ್ಪನ ತಮ್ಮ ಹುಲಿಯಪ್ಪ ಕುಕ್ಕುವಾಡದಿಂದ ಬಂದಿದ್ದ. ಕೃತಜ್ಞತೆ ಹೇಳಲು ಬಂದನೆಂದುಕೊಂಡು ನಾನು ಎದ್ದು ನಿಂತೆ, ಎಷ್ಟು ಹುಚ್ಚ ನೋಡು. 'ನಮ್ಮಣ್ಣಗೆ ನಿನ್ನ ಹೊಲಸು ರಕ್ತ ಹಾಕಿಸೀಯೇನೋ ಬದ್ಮಾಶ್' ಎಂದು ಕೊರಳಪಟ್ಟಿ ಹಿಡಿದ. ನನ್ನದನ್ನು ಚೆಲ್ಲಿದರು, ನಿಮ್ಮಣ್ಣ ಉಳಿದದ್ದು ನೇಪಾಳದವರ ರಕ್ತದಿಂದ ಎಂದೆ. ಅದಕ್ಕೆ ಅವನು, 'ಅವ್ರು ಯಾವ ಜಾತಿನೋ ಏನೋ' ಎಂದ! ಕೈ ಮಾತ್ರ ಬಿಟ್ಟ. ಬಸ್ ಹಿಡಿಯುವ ಮುಂಚೆ ನಮ್ಮದೇ ನಳದಲ್ಲಿ ಕೈ ತೊಳೆದುಕೊಂಡು ಹೋದ.

ನಾನು ಹರಿಹರಕ್ಕೆ ಬಂದ ದಿನ ನೀನು ಒಳಕೋಣೆಯಲ್ಲಿದ್ದೆ. ಏನಾಯಿತೆಂದು ನಿನಗೆ ಹೇಳಿದರೋ ಇಲ್ಲವೋ. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಗಾದಿಯ ಮೇಲೆ ಕೂತೆ. ನಾನು ಎದ್ದ ಕೂಡಲೇ ನಿಮ್ಮಬ್ಬಾ ಮೌಲಾ ಸಾಬ್ ಆ ಗಾದಿಯನ್ನು ಬೀದಿಗೆಳೆದು, ಹೊಟ್ಟೆ ಸೀಳಿ, ಹತ್ತಿಗೆ ಕಡ್ಡಿ ಗೀರಿದ. ಹೊಸ ಹತ್ತಿ, ಭಗ್ಗನೆ ಹತ್ತಿಕೊಂಡಿತು. ಎದುರಿನ ಅಂಗಡಿಯವರು ಎದ್ದು ನಿಂತು ನೋಡಿದರು. ಹೆರಿಗೆ ಆಸ್ಪತ್ರೆಯಲ್ಲಿ ಮಾಡಿಸಿರಿ, ಮಗುವಿಗೆ ಸೂಜಿ ಹಾಕಿಸಿರಿ ಎಂದು ಆ ಹೊಗೆಯಲ್ಲೇ ಕೈ ಮುಗಿದೆ. ಆಸ್ಪತ್ರೆಗೆ ಹೋದರೆ ನಿನ್ನ ರಕ್ತ ನೋಡುತ್ತಾರೆ, ನೋಡಿದರೆ ಊರಿಗೆ ತಿಳಿಯುತ್ತದೆ, ತಿಳಿದರೆ ನಿನ್ನ ತಂಗಿ ನುಜತ್‌ಗೆ ಗಂಡು ಸಿಗುವುದಿಲ್ಲ. ಇದು ಅವನ ಲೆಕ್ಕ. ಹೆರಿಗೆ ಮನೆಯಲ್ಲೇ, ಹಳೇ ಸೂಲಗಿತ್ತಿಯ ಕೈಯಲ್ಲಿ. 'ಕಾಮಾಲಿಗೆ ಸೂಜಿ ಯಾಕ? ಕೂಸು ಹುಟ್ಟಿದ ಕೂಡ್ಲೇ ಆಕಿನೇ ಬರಿ ಹಾಕ್ತಾಳ' ಎಂದ.

ಬರೆ! ನಮ್ಮಮ್ಮಿ ಬೀಬಿಜಾನ್‌ಗೂ ಹಾಕಿಸಿದ್ದರು. ಹೊಟ್ಟೆ ಊದಿ ಕಣ್ಣು ಹಳದಿಯಾಗಿದ್ದವಳನ್ನು ಹದಡಿಯ ಕಡೆ ಒಬ್ಬನ ಬಳಿ ಕರೆದೊಯ್ದು ಮೊಣಕೈಯ ಕೆಳಗೆ ಕಾದ ಕಬ್ಬಿಣ ಎಳೆಸಿದರು. ಆ ಗಾಯ ಮಾಯುವ ಮುಂಚೆ ಅವಳು ಹೋದಳು. ಅದೇ ರೋಗ, ಹೆರಿಗೆಯಲ್ಲಿ ಅವಳಿಂದಲೇ ನನಗೆ ಬಂದಿರಬೇಕು ಎಂದು ಡಾಕ್ಟರು ಹೇಳಿದರು. ಅದು ಕೇಳಿ ಅಬ್ಬಾ ಕುರ್ಚಿಯಿಂದ ಎದ್ದ. 'ಸತ್ತಾಕಿ ಹೆಸ್ರು ತೆಗೀಬ್ಯಾಡ್ರಿ ಸಾಹೇಬ್ರ' ಎಂದು ಡಾಕ್ಟರ ಮೇಲೇ ಕೂಗಾಡಿದ. ಆಮೇಲೆ ದಾರಿಯಲ್ಲಿ ನನ್ನ ಕೈ ಹಿಡಿದು ಅತ್ತ. ಬದುಕಿದ್ದಾಗ ಅವಳಿಗೆ ಔಷಧಿ ಕೊಡಿಸದವನು ಸತ್ತ ಮೇಲೆ ಅವಳ ಮಾನ ಕಾಯುತ್ತಿದ್ದಾನೆ. ರೋಗವನ್ನು ಹೆಣ್ಣು ಕೊಟ್ಟರೆ ಕಳಂಕ, ಗಂಡು ತಂದರೆ ಶೋಕಿ! ಈ ಗಂಡಸರ ಮಾನಮರ್ಯಾದೆಗೆ ಬೆಂಕಿ ಹಾಕಲು ನನ್ನ ಗುಂಡಿಯ ಹೊಟ್ಟು ಸಾಲದು.

ನಿಮ್ಮಬ್ಬಾ ನಿನ್ನೆ ಮತ್ತೊಂದು ಮಾತು ಹೇಳಿ ಕಳಿಸಿದ್ದಾನೆ. ನಾನು ಹರಿಹರದ ಜಮಾತಿನ ಹಿರಿಯರ ಎದುರು ನಿಂತು, ಪರದೇಶದಲ್ಲಿ ಕೆಟ್ಟ ಹೆಂಗಸಿನ ಸಹವಾಸ ಮಾಡಿ ಈ ರೋಗ ತಂದೆ ಎಂದು ಒಪ್ಪಿಕೊಳ್ಳಬೇಕಂತೆ. ಆಗ ತಪ್ಪೆಲ್ಲ ನನ್ನದು, ಮಗಳು ಏನೂ ಅರಿಯದವಳು, ಅವನ ಮನೆತನ ಶುದ್ಧ, ನುಜತ್‌ಗೆ ಗಂಡು ಸಿಗುತ್ತಾನೆ. ಒಪ್ಪಿಕೊಂಡರೆ ನಿನ್ನನ್ನು ಆಸ್ಪತ್ರೆಗೆ ಸೇರಿಸುತ್ತಾನಂತೆ, ಸೂಜಿಗೂ ಬಿಡುತ್ತಾನಂತೆ. ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಆ ಸುಳ್ಳು ನನ್ನ ಬಾಯಿಂದ ಬರುವುದಿಲ್ಲ ಸಾಯಿಮಾ. ನಿನ್ನ ಮೇಲೆ ಆಣೆ, ನಿನ್ನ ಬಿಟ್ಟು ನಾನು ಯಾರನ್ನೂ ಮುಟ್ಟಿಲ್ಲ. ನೀನು ಗಟ್ಟಿಯಾಗು. ನೋವು ಶುರುವಾದ ಕೂಡಲೇ ಕಿರುಚು, ಓಣಿ ಸೇರುವ ಹಾಗೆ ಕಿರುಚು, ನೇತ್ರಾವತಿ ಅಕ್ಕ ಆಂಬುಲೆನ್ಸ್ ತರುತ್ತಾಳೆ.

ನಿಮ್ಮಮ್ಮಿಗೆ ಸಲಾಂ ಹೇಳು. ನುಜತ್‌ಳ ಮೇಲೆ ನನಗೆ ಸಿಟ್ಟಿಲ್ಲ, ಅವಳಿಗೆ ಒಳ್ಳೆಯದಾಗಲಿ. ನಿನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನನ್ನ ಹೆಸರು ಒಮ್ಮೆ ಹೇಳು, ಮಗುವಿಗೆ ಕೇಳಿಸಲಿ. ಅಲ್ಲಾಹ್ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನವನೇ,
ನೌಮಾನ್

ತಾ.ಕ.: ಹರಿಹರ, ಶುಕ್ರವಾರ ಮಧ್ಯಾಹ್ನ. ಮಸೀದಿ ಮುಂದಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಇದನ್ನು ವಾರ್ಡಿಗೆ ಒಯ್ಯಲು ನೇತ್ರಾವತಿ ಅಕ್ಕ ಅವಸರ ಮಾಡುತ್ತಿದ್ದಾಳೆ. ನಿನಗೆ ಬೆಳಿಗ್ಗೆಯೇ ನೋವು ಬಂದಿದೆ, ಸೂಲಗಿತ್ತಿ ಒಲೆಯಲ್ಲಿ ಕಬ್ಬಿಣ ಇಟ್ಟಿದ್ದಾಳೆ, ಆಂಬುಲೆನ್ಸನ್ನು ಓಣಿಯ ಬಾಯಿಂದಲೇ ವಾಪಸ್ ಕಳಿಸಿದರು ಎಂದು ಅಕ್ಕ ಫೋನ್ ಮಾಡಿದಳು. ಸಿಕ್ಕ ಬಸ್ಸು ಹತ್ತಿ ಬಂದೆ. ಜುಮ್ಮಾ ನಮಾಜು ಮುಗಿದ ಮೇಲೆ ಹಿರಿಯರ ಎದುರು ನಿಂತು ಹೇಳಿಬಿಟ್ಟೆ, ನಿಮ್ಮಬ್ಬಾ ಹೇಳಿಸಿದ ಹಾಗೆಯೇ. ಅವನು ಮಾತು ಉಳಿಸಿಕೊಂಡ, ಆಟೋ ತಂದು ನಿನ್ನನ್ನು ಆಸ್ಪತ್ರೆಗೆ ಸಾಗಿಸಿದ. ಈಗ ನಾನು ಕೇಳುವುದು ಇಷ್ಟೇ: ವಾರ್ಡಿನಲ್ಲಿ ನನ್ನ ಬಗ್ಗೆ ಯಾರು ಏನೇ ಅಂದರೂ ಅದು ಸುಳ್ಳು ಎನ್ನಬೇಡ. ನನ್ನ ಪರವಾಗಿ ಒಂದು ಮಾತೂ ಆಡಬೇಡ. ಆಡಿದರೆ ನಿಮ್ಮಬ್ಬಾ ಮಗುವನ್ನು ಎತ್ತಿಕೊಂಡು ಮನೆಗೆ ಹೋಗುತ್ತಾನೆ. ಸೂಜಿ ಇವತ್ತಿನದು ಮಾತ್ರ ಅಲ್ಲ, ಮುಂದೆಯೂ ಇವೆ, ಎಲ್ಲ ಮುಗಿಯುವ ತನಕ ನೀನೂ ನನ್ನನ್ನು ಬೈಯುತ್ತಿರು.

ಬರೀ ಒಪ್ಪಿಕೊಂಡರೆ ಅವರಿಗೆ ಸಾಲಲಿಲ್ಲ ಸಾಯಿಮಾ. 'ಯಾವಾಕಿ ಆಕಿ, ಹೆಸ್ರು ಹೇಳೋ' ಎಂದರು. ಆ ದೇಶದಲ್ಲಿ ನನಗೆ ಗೊತ್ತಿದ್ದ ಹೆಂಗಸಿನ ಹೆಸರು ಒಂದೇ. ಲಿಜಿಮೋಳ್ ಎಂದೆ. ಒಬ್ಬ ನಕ್ಕ. ಇನ್ನೊಬ್ಬ ನೆಲಕ್ಕೆ ಉಗುಳಿದ. ನಿಮ್ಮಬ್ಬಾ ಆ ಹೆಸರನ್ನು ಇನ್ನೊಮ್ಮೆ, ಗಟ್ಟಿಯಾಗಿ, ನನ್ನಿಂದ ಹೇಳಿಸಿದ. ಆಮೇಲೆಯೇ ಆಟೋ ಕರೆಯಲು ಎದ್ದದ್ದು.