ಎಡಚಿ ಟೈಲರ್ಸ್

ಸರ್ವರ ಅಂತರಂಗದಲ್ಲಿ ನೆಲೆಸಿ, ಎಡಬಲವೆಂಬ ಭೇದವೆಣಿಸದ ಭಗವಂತನನ್ನು ನೆನೆದು, ಹುಣ್ಣಿಮೆಯ ಗುರುವಾರ ಪ್ರಾತಃಕಾಲ ಪೂಜೆ ಮುಗಿಸಿ ಬರೆದುದು.

ಪ್ರೀತಿಯ ತಂಗೀ, ಅಕ್ಕನ ಆಶೀರ್ವಾದಗಳು.

ಹೊಸ ಅಂಗಡಿಯಲ್ಲಿ ನಿನ್ನ ಪಕ್ಕದ ಹೊಲಿಗೆ ಯಂತ್ರ ನನಗಾಗಿಯೇ ಖಾಲಿಯಿದೆಯೆಂದು ನೀನು ಬರೆದು ತಿಂಗಳಾಯಿತು. ಮಂಡಿನೋವಿನ ನೆಪ ಹೇಳಿ ಸುಮ್ಮನಿದ್ದೆ. ನಿಜಸಂಗತಿಯೆಂದರೆ, ಕಳೆದ ಸೋಮವಾರ ನಿನ್ನ ಬೀದಿಗೆ ಬಂದಿದ್ದೆ. ಎದುರಿನ ಔಷಧದಂಗಡಿಯ ನೆರಳಿನಲ್ಲಿ ನಿಂತು ನಿನ್ನ ನಾಮಫಲಕ ಓದಿದೆ: ‘ಎಡಚಿ ಟೈಲರ್ಸ್’.

ಅಪ್ಪ ತಮ್ಮ ಹೊಲಿಗೆಯ ಮೇಜಿನಿಂದ ನಿನ್ನನ್ನು ಕರೆಯುತ್ತಿದ್ದುದು ಆ ಹೆಸರಿನಿಂದಲೇ ಅಲ್ಲವೇ? ಎಡಗೈಯಲ್ಲಿ ಕತ್ತರಿ ಹಿಡಿದೊಡನೆ ಅಳತೆಯ ಮರದ ಪಟ್ಟಿ ನಿನ್ನ ಗೆಣ್ಣಿನ ಮೇಲೆ ಬೀಳುತ್ತಿತ್ತು. “ಎಡಚಿ, ನಿನ್ನ ಕೈ ಸೋಕಿದ್ದೆಲ್ಲ ಕೆಟ್ಟುಹೋಗತ್ತೆ! ಅಕ್ಕನ್ನ ನೋಡಿ ಕಲಿ” ಎನ್ನುತ್ತಿದ್ದರು. ನೀನು ಕಣ್ಣೊರೆಸಿಕೊಂಡು, “ಯಾವ ಕೈ ಹೊಲೀತು ಅಂತ ಬಟ್ಟೆಗೇನು ಗೊತ್ತಪ್ಪಾ?” ಎಂದು ಇನ್ನೊಂದು ಏಟು ತಿನ್ನುತ್ತಿದ್ದೆ. ಆ ಕೈಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ನಾನು ನೋಡುತ್ತಿದ್ದಂತೆ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು, “ಎಡಚಮ್ಮಾ, ನನ್ನ ಕೋಟು ಆಯ್ತಾ?” ಎಂದರು. “ಎಡತೋಳು ಆಗಿದೆ ಸ್ವಾಮಿ. ಬಲತೋಳಿಗೆ ಬುದ್ಧಿ ಸ್ವಲ್ಪ ಕಮ್ಮಿ, ನಾಳೆ ಬನ್ನಿ” ಎಂದೆ ನೀನು. ಅಂಗಡಿಗೆ ಅಂಗಡಿಯೇ ನಕ್ಕಿತು. ನನ್ನ ಹೊಟ್ಟೆಯಲ್ಲಿ ಕಿಚ್ಚೆದ್ದಿತು; ಒಳಗೆ ಬಾರದೆ ಹಿಂತಿರುಗಿದೆ.

ಅರಿಷಡ್ವರ್ಗದಲ್ಲಿ ಮಾತ್ಸರ್ಯಕ್ಕೆ ಕೊನೆಯ ಸ್ಥಾನ. ನನ್ನಲ್ಲಿ ಅದೇ ಮುಂದೆ ಬಂದು ನಿಂತಿತು. ನಿನ್ನ ಅಂಗಡಿಯನ್ನಾಗಲಿ ಗಿರಾಕಿಗಳನ್ನಾಗಲಿ ಕಂಡು ಕರುಬಲಿಲ್ಲ, ಆ ನಗುವನ್ನು ಕಂಡು ಕರುಬಿದೆ. ಬೈಗುಳವೆಲ್ಲ ನಿನ್ನ ಪಾಲಾಗಿ, ಹೊಗಳಿಕೆಯೆಲ್ಲ ನನ್ನ ಪಾಲಾಗಿತ್ತು. ಆದರೂ ಈ ವಯಸ್ಸಿನಲ್ಲಿ ಒಂದು ಗುಂಡಿ ಹಚ್ಚುವಾಗಲೂ, ಬೆನ್ನ ಹಿಂದೆ ಯಾರೋ ನಿಂತಿದ್ದಾರೆಂದು ತಿರುಗಿ ನೋಡುತ್ತೇನೆ. ನೀನೋ, ಆ ಬೈಗುಳಕ್ಕೇ ಬಣ್ಣ ಬಳಿಸಿ ಬಾಗಿಲ ಮೇಲೇರಿಸಿದೆ! ಇಷ್ಟು ಜಪತಪ ಮಾಡಿಯೂ ನನಗೆ ದಕ್ಕದ ನೆಮ್ಮದಿ, ಹಬ್ಬಕ್ಕೊಮ್ಮೆಯೂ ಕೈಮುಗಿಯದ ನಿನಗೆ ಹೇಗೆ ಒಲಿಯಿತೆಂದು ದೇವರೊಡನೆಯೇ ಜಗಳವಾಡಿದ್ದೇನೆ. ನನ್ನ ಕರುಬು ಇನ್ನೂ ಇಳಿದಿಲ್ಲ. ಅದನ್ನು ಹೊತ್ತುಕೊಂಡೇ ಬರುವ ಸೋಮವಾರ ಬರುತ್ತೇನೆ. ಆ ಯಂತ್ರವನ್ನು ಬೇರೆಯವರಿಗೆ ಕೊಟ್ಟುಬಿಡಬೇಡ.

ನಿನ್ನ ಕೈಗಳೆರಡಕ್ಕೂ, ಕೋಟಿನ ಬಲತೋಳಿಗೆ ಕಾದಿದ್ದ ಆ ಮಹನೀಯರಿಗೂ, ತೀರಿಹೋದ ಅಪ್ಪನಿಗೂ ಭಗವಂತ ಒಳಿತು ಮಾಡಲಿ.

ಇತಿ,
ನಿನ್ನ ಅಕ್ಕ

ಮತ್ತೊಂದು ಮಾತು: ಅಕ್ಷರಗಳು ಸೊಟ್ಟಗಿವೆಯೆಂದು ಗಾಬರಿಯಾಗಬೇಡ. ನೀನು ತೊಟ್ಟಿಲಲ್ಲಿದ್ದಾಗ ಆ ಮನೆಯಲ್ಲಿ ‘ಎಡಚಿ’ ಎಂದು ಕರೆಸಿಕೊಳ್ಳುತ್ತಿದ್ದವಳು ನಾನು. ನಾನು ಕೈ ಬದಲಾಯಿಸಿಕೊಂಡೆ. ಈ ಪತ್ರವನ್ನು ಎಡಗೈಯಲ್ಲಿ ಬರೆದಿದ್ದೇನೆ. ನನಗೂ ಒಂದು ಎಡಗೈ ಕತ್ತರಿ ತೆಗೆದಿಟ್ಟಿರು.