ಕುರ್ಚಿ ಬಿಟ್ಟೇಳು, ತಾತ

ಹಾಸ್ಟೆಲ್, ಮೂರನೇ ಮಹಡಿ
ಮಂಗಳವಾರ, ನವೆಂಬರ್ ೧೨

ಪ್ರೀತಿಯ ತಾತಾ,

ಹೇಗಿದ್ದೀಯ? ಮೊಣಕಾಲಿನ ಊತ ಇಳಿಯಿತಾ, ನಿದ್ದೆ ಬರುತ್ತಿದೆಯಾ, ಹೊಟ್ಟೆ ಸರಿಯಾಗಿದೆಯಾ? ಇಷ್ಟಕ್ಕೂ ‘ಚೆನ್ನಾಗಿದೀನಿ ಕಣೆ’ ಅಂತ ಒಂದೇ ಉತ್ತರ ಕೊಡುತ್ತೀಯ, ಗೊತ್ತು. ಫೋನಿನಲ್ಲೂ ಅಷ್ಟು ಹೇಳಿ ಚಿಕ್ಕಮ್ಮನ ಕೈಗೆ ದಾಟಿಸಿಬಿಡುತ್ತೀಯ. ಅದಕ್ಕೇ ಈ ಕಾಗದ. ಇದನ್ನು ಯಾರ ಕೈಗೂ ಕೊಡದೆ ಭೂತಗನ್ನಡಿ ಹಿಡಿದು ನೀನೇ ಓದು. ಕನ್ನಡ ತಪ್ಪಿದ್ದರೆ ನನ್ನ ಹಾಸ್ಟೆಲ್ ಸ್ಕೂಲಿನವರನ್ನು ಬೈದುಕೋ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಭಾನುವಾರದಿಂದ ಅದು ನಿಜವಲ್ಲ.

ಭಾನುವಾರ ಚಿಕ್ಕಪ್ಪ ಫೋನ್ ಮಾಡಿದ್ದರು. ನೀನು ಕುರ್ಚಿಯಿಂದ ಏಳಲು ನೋಡಿ ಆಗದೆ, ಅವರೂ ಚಿಕ್ಕಮ್ಮನೂ ಕಂಕುಳಿಗೆ ಕೈ ಕೊಟ್ಟು ಎತ್ತಿದರಂತೆ. ‘ವಯಸ್ಸಾಯ್ತಲ್ಲ, ಇನ್ನೇನು’ ಅಂದರು. ವಯಸ್ಸಲ್ಲ ತಾತ. ಏಳು ವಾರದ ಹಿಂದೆ ಬಚ್ಚಲಲ್ಲಿ ಜಾರಿದಾಗಲೂ ನಿನಗೆ ಇಷ್ಟೇ ವಯಸ್ಸಾಗಿತ್ತು. ಆವತ್ತು ಡಾಕ್ಟರು ನೋಡಿ, ಮೂಳೆ ಮುರಿದಿಲ್ಲ, ಎರಡು ದಿನ ಬಿಟ್ಟು ಓಡಾಡಲಿ ಅಂತ ಕಳಿಸಿದ್ದರು. ನಡುವೆ ಫೋನಿನಲ್ಲಿ ಬಾಯಿ ಹಾಕಿದವಳು ನಾನು. ‘ತಾತ, ಅಲ್ಲಾಡಬೇಡ, ಕಂಪ್ಲೀಟ್ ರೆಸ್ಟ್’ ಅಂದೆ. ಫಿಸಿಯೋಥೆರಪಿ ಕಾಲೇಜಿಗೆ ಸೇರಿ ಆಗ ಬರೀ ಹನ್ನೊಂದು ದಿನ. ಮೂವತ್ತು ವರ್ಷ ಅನುಭವದ ಡಾಕ್ಟರನ್ನು ಬಿಟ್ಟು ನೀನು ಹನ್ನೊಂದು ದಿನದವಳ ಮಾತು ಹಿಡಿದೆ. ‘ನಮ್ಮನೆ ಡಾಕ್ಟರಮ್ಮ ಹೇಳಿದಾಳೆ’ ಅಂತ ಬಂದವರ ಮುಂದೆಲ್ಲ ಜಂಬ ಬೇರೆ. ನೀನು ಸುಖವಾಗಿ ಕೂರಲಿ ಅಂತ ಚಿಕ್ಕಪ್ಪ ಸಲೂನಿನ ಹಳೇ ಕುರ್ಚಿಯನ್ನೇ ಮನೆಗೆ ತಂದು ಕಿಟಕಿ ಪಕ್ಕ ಇಟ್ಟರು. ನಲವತ್ತೆರಡು ವರ್ಷ ಆ ಕುರ್ಚಿಯ ಸುತ್ತ ನಿಂತು ಕ್ಷೌರ ಮಾಡಿದವನು ನೀನು. ಗಿರಾಕಿ ಇಲ್ಲದ ಹೊತ್ತಲ್ಲೂ ಅದರಲ್ಲಿ ಕೂತವನಲ್ಲ. ಯಾಕೆ ಅಂತ ಕೇಳಿದರೆ ‘ಇಲ್ಲಿ ಕೂತವರ ಕುತ್ತಿಗೆಗೆ ಕತ್ತಿ ಬರುತ್ತೆ ಕಣೆ, ನನಗ್ಯಾಕೆ ಬೇಕು’ ಅನ್ನುತ್ತಿದ್ದೆ. ಈಗ ನೀರು, ಪೇಪರು, ಮಾತ್ರೆ ಎಲ್ಲ ಅಲ್ಲಿಗೇ ಬರುತ್ತವಂತೆ. ಎಲ್ಲರೂ ಸೇರಿ ಪ್ರೀತಿಯಿಂದಲೇ ನಿನ್ನ ಕಾಲು ಕಿತ್ತುಕೊಳ್ಳುತ್ತಿದ್ದಾರೆ.

ನಿನ್ನೆ ನಮ್ಮ ಪ್ರಾಕ್ಟಿಕಲ್‌ಗೆ ಕೆಲವು ಹಿರಿಯರು ಬಂದಿದ್ದರು. ಕೈ ಎದೆಗೆ ಕಟ್ಟಿಕೊಂಡು ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರುತ್ತಾರೆ ಅಂತ ಎಣಿಸಬೇಕು. ನನ್ನ ಪಾಲಿಗೆ ಬಂದವರು ಎಂಬತ್ತೊಂದರ ಒಬ್ಬ ಅಜ್ಜಿ, ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರು. ಹನ್ನೆರಡು ಸಲ ಎದ್ದರು. ಎರಡು ವರ್ಷದ ಹಿಂದೆ ಒಂದು ಸಲವೂ ಆಗುತ್ತಿರಲಿಲ್ಲವಂತೆ. ‘ಏನು ಮಾಡಿದ್ರಿ ಅಜ್ಜಿ’ ಅಂದೆ. ‘ಏನಿಲ್ಲಮ್ಮ, ದಿನಾ ಎದ್ದೆ’ ಅಂದರು. ನಾನು ಹೊರಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ವಯಸ್ಸಾದವರು ವಾರಗಟ್ಟಲೆ ಕೂತರೆ ಮಸಲ್ ಕರಗುತ್ತದೆ, ಬ್ಯಾಲೆನ್ಸ್ ಹೋಗುತ್ತದೆ, ಬೀಳಬಾರದು ಅಂತ ಕೂತವರೇ ಆಮೇಲೆ ಬೀಳುವುದು ಅಂತ ಮೇಡಂ ಹೇಳಿದರು. ಆದರೆ ಕೆಲಸ ಕೊಟ್ಟರೆ ತೊಂಬತ್ತರಲ್ಲೂ ಬಲ ವಾಪಸ್ ಬರುತ್ತದಂತೆ. ನಿದ್ದೆ, ಹೊಟ್ಟೆ, ಶುಗರು, ಮಂಕು ಹಿಡಿದ ಮನಸ್ಸು, ಇವಕ್ಕೂ ಒಳ್ಳೆಯದೇ. ಹೋದ ಸಲ ನಾನು ಹೇಳಿದ್ದು ಹಳೇ ಪುಸ್ತಕದ ಪ್ರಕಾರ ತಾತ. ಈಗ ಪುಸ್ತಕ ಬದಲಾಗಿದೆ.

ಚಿಕ್ಕಪ್ಪನಿಗೆ ಹೇಳಿ ಆ ಡಾಕ್ಟರನ್ನು ಇನ್ನೊಂದು ಸಲ ಕರೆಸು. ಅವರು ಹೂಂ ಅಂದರೆ ಅವತ್ತೇ ಶುರುಮಾಡು. ಸಲೂನ್ ಕುರ್ಚಿ ಬೇಡ, ಅದು ತಿರುಗುತ್ತದೆ. ಊಟದ ಮನೆಯ ಕೈಯಿರುವ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿಸು. ಕೈ ಊರಿ ಏಳು, ನಿಂತು ಉಸಿರು ಬಿಡು, ನಿಧಾನ ಕೂರು. ಮೂರು ಸಲ ಸಾಕು, ನಾಲ್ಕನೆಯದು ನಾಳೆಗೆ. ಆಮೇಲೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತು. ಚಿಕ್ಕಮ್ಮ ಪಕ್ಕದಲ್ಲಿರಲಿ, ನಿನ್ನನ್ನು ಎತ್ತಬಾರದು. ತಲೆ ಸುತ್ತಿದರೆ, ಎದೆ ನೋವು ಬಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿಸು. ಬರೀ ಸುಸ್ತಾದರೆ ನನ್ನನ್ನು ಬೈಯುತ್ತಾ ಮಾಡು, ಬೈಗುಳಕ್ಕೂ ಉಸಿರು ಬೇಕಲ್ಲ.

ಚಿಕ್ಕಪ್ಪ ಚಿಕ್ಕಮ್ಮನಿಗೆ ನನ್ನ ನಮಸ್ಕಾರ. ನಿನ್ನದನ್ನು ಬಾಕಿ ಇಟ್ಟಿದ್ದೇನೆ, ರಜಕ್ಕೆ ಬಂದಾಗ ನಿಂತು ತಗೋ.

ನಿನ್ನ,
ಚೋಟಿ

ಮರೆತಿದ್ದೆ: ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಪುಸ್ತಕ ಬದಲಾಗಿಲ್ಲ ತಾತ. ಅವತ್ತು ನಾನು ಪುಸ್ತಕ ತೆರೆದೇ ಇರಲಿಲ್ಲ. ನೀನು ಬಿದ್ದೆ ಅಂದಾಗ ಹೆದರಿ, ಅಲ್ಲಾಡದಿದ್ದರೆ ನೀನು ಉಳಿಯುತ್ತೀಯ ಅನ್ನಿಸಿ, ಓದಿದವಳ ಹಾಗೆ ಹೇಳಿಬಿಟ್ಟೆ. ನನ್ನ ಮರ್ಯಾದೆ ಉಳಿಸಲು ಇನ್ನು ಒಂದು ದಿನವೂ ಕೂರಬೇಡ. ಬಂದವರಿಗೆಲ್ಲ ಮೊಮ್ಮಗಳು ತಪ್ಪು ಹೇಳಿದಳು ಅನ್ನು. ಮುಂದಿನ ವಾರ ಗುರುವಾರ ಸಂಜೆ ಫೋನ್ ಮಾಡುತ್ತೇನೆ, ಎಷ್ಟು ಸಲ ಎದ್ದೆ ಅಂತ ನೀನೇ ಹೇಳಬೇಕು. ಆಗಲೇ ಇಲ್ಲ ಅಂದರೆ ಅದನ್ನೇ ಹೇಳು, ಅವತ್ತೇ ಬಸ್ ಹತ್ತುತ್ತೇನೆ. ‘ಚೆನ್ನಾಗಿದೀನಿ’ ಅಂತ ಮಾತ್ರ ಅನ್ನಬೇಡ.